ಬೆಣ್ಣೆ ಡಬ್ಬದ ಜಾಗ

ಕೇಕಿನ ಅಂಚು ಕತ್ತರಿಸುವಾಗ ಉಳಿಯುವ ತುಂಡುಗಳು ಯಾರ ಪಾಲು ಎಂಬ ಚರ್ಚೆ ಆ ಬೇಕರಿಯಲ್ಲಿ ಎಂದೂ ನಡೆದಿರಲಿಲ್ಲ. ಅವು ಯಜಮಾನರ ಬಾಯಿಗೇ ಹೋಗುತ್ತಿದ್ದವು. ಜೊತೆಗೆ ಕ್ರೀಮಿನ ರುಚಿ ನೋಡಲು ಒಂದು ಚಮಚ, ಸಿಹಿ ಸಾಲದೆಂದು ಅನುಮಾನ ಬಂದರೆ ಇನ್ನೊಂದು. ಅನುಮಾನ ಅವರಿಗೆ ದಿನವೂ ಬರುತ್ತಿತ್ತು.

ಗಲ್ಲಾದಲ್ಲಿ ಕೂತ ಹೆಂಡತಿ ಇದನ್ನು ನೋಡಿ ನಗುತ್ತಿದ್ದಳು. ಹಿಂದಿನ ವರ್ಷ ಗಂಡನ ಕಾಲು ಉಳುಕಿದಾಗ, ಉರುಳುವ ಚಕ್ರಗಳಿದ್ದ ಮೆತ್ತನೆಯ ಕುರ್ಚಿಯೊಂದನ್ನು ತಂದು ಮೇಜಿನ ಬಳಿ ಹಾಕಿದವಳು ಅವಳೇ. ಬೆಣ್ಣೆ, ಸಕ್ಕರೆ, ಕೋಕೋ ಎಲ್ಲವನ್ನೂ ಕೈಗೆಟುಕುವಂತೆ ಜೋಡಿಸಿಟ್ಟಳು. ಕಾಲು ವಾಸಿಯಾಯಿತು, ಕುರ್ಚಿ ಉಳಿಯಿತು. ಹತ್ತಿರದ ಅಂಗಡಿಗಳಿಗೆ ನಡೆದೇ ಬ್ರೆಡ್ ಮುಟ್ಟಿಸುತ್ತಿದ್ದವರು ಅದನ್ನೂ ದೂರದ ಅಂಗಡಿಗಳಿಗೆ ಒಯ್ಯುವ ವ್ಯಾನಿನವನಿಗೆ ಬಿಟ್ಟರು. ಮನೆ ಬೇಕರಿಯ ಮೇಲೆಯೇ. ಯಜಮಾನರು ಮೆಟ್ಟಿಲ ನಡುವೆ ನಿಂತು, ಏದುಸಿರು ಬಿಡುತ್ತ, ನೆಪಕ್ಕೆ ಗೋಡೆಯ ಬಣ್ಣ ಹೊಗಳುವುದು ಶುರುವಾದಾಗ ಅವಳು ಅವರನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಹೃದಯ ಪರೀಕ್ಷಿಸಿ ಸದ್ಯಕ್ಕೆ ಭಯವಿಲ್ಲ ಎಂದರು. ಆಮೇಲೆ ತೋಳಿಗೆ ಬಿಪಿ ನೋಡುವ ಪಟ್ಟಿ ಬಿಗಿದು, ಸ್ವಲ್ಪ ಹೊತ್ತಿಗೆ ಸಡಿಲಿಸಿ, ಒಳಗಿನ ರಕ್ತನಾಳವನ್ನು ಸ್ಕ್ಯಾನಿನ ಪರದೆಯ ಮೇಲೆ ತೋರಿಸಿದರು. ರಕ್ತ ನುಗ್ಗಿದಾಗ ನಾಳ ಹಿಗ್ಗಬೇಕಿತ್ತು. ಇವರದು ನಿದ್ದೆಗಣ್ಣಲ್ಲಿ ಬಾಗಿಲು ತೆಗೆಯುವವರಂತೆ ಒಂದಿಷ್ಟೇ ಸರಿಯಿತು.

ಯಜಮಾನರಿಗಿದ್ದದ್ದು ಬೇರೆಯೇ ಚಿಂತೆ. "ರುಚಿ ನೋಡೋದು ಬಿಡ್ಬೇಕಾ ಡಾಕ್ಟ್ರೇ? ಹಾಗಾದ್ರೆ ಅಂಗಡಿ ಮುಚ್ಚಿದ ಹಾಗೇ. ಕಣ್ಣು ಕಟ್ಕೊಂಡು ಬಂಡಿ ಹೊಡೆಯೋಕಾಗತ್ತಾ?"

"ಚಮಚದ ತುದೀಲಿ ನೋಡಿ, ಬೇಡ ಅನ್ನಲ್ಲ. ತುಂಡುಗಳನ್ನ ಬಿಡಿ," ಎಂದರು ಡಾಕ್ಟರಮ್ಮ. "ಆದ್ರೆ ಮೊದಲು ಎದ್ದು ಓಡಾಡಿ. ಮೈ ದುಡಿದಾಗ ರಕ್ತ ಜೋರಾಗಿ ಹರಿಯತ್ತೆ, ನಾಳಕ್ಕೆ ಹಿಗ್ಗೋ ಅಭ್ಯಾಸ ಉಳಿಯತ್ತೆ. ಹೆಚ್ಚಿಗೆ ತಿಂದದ್ದರ ಪೆಟ್ಟನ್ನ ಅದು ಎಷ್ಟೋ ತಡೆಯತ್ತೆ. ಪೂರ್ತಿ ಅಲ್ಲ. ತಿಂದು ಕೂತೇ ಇದ್ರೆ ಎರಡೂ ಕಡೆಯಿಂದ ಹೊಡೆತ."

ಇಷ್ಟು ವರ್ಷ ನಿಂತು ದುಡಿದವನು ಈಗ ಕೂತರೆ ತಪ್ಪೇನು ಎಂದು ಅವರು ದಾರಿಯುದ್ದಕ್ಕೂ ವಾದಿಸಿದರು. ಕುರ್ಚಿ ತಂದವಳು ತಾನೇ ಎಂಬುದು ಅವಳ ತಲೆಯಿಂದ ಹೋಗಲಿಲ್ಲ.

ಮರುದಿನ ಬೆಣ್ಣೆ ಡಬ್ಬ ಮಹಡಿಯ ಫ್ರಿಜ್ಜಿಗೆ ಹೋಗಿತ್ತು. ಸಕ್ಕರೆ ಹಿಂದಿನ ಕೋಣೆ ಸೇರಿತ್ತು. ಕುರ್ಚಿ ಕಾಣಲೇ ಇಲ್ಲ.

"ಏನೇ ಇದು, ಬೆಣ್ಣೆಗೆ ವನವಾಸ?"

"ಹೋಗಿ ಮಾತಾಡಿಸ್ಕೊಂಡು ಬನ್ನಿ. ಹತ್ತಿರದ ಅಂಗಡಿಗಳ ಬ್ರೆಡ್ಡೂ ಇನ್ಮೇಲೆ ನಿಮ್ಮದೇ. ವ್ಯಾನಿನವನಿಗೆ ಹೇಳಿದೀನಿ."

ಅವರು ಗೊಣಗಿದರು, ಹತ್ತಿದರು, ಇಳಿದರು. ತುಂಡುಗಳನ್ನು ಅವಳು ತಟ್ಟೆಗೆ ಹಾಕಿ ಗಿರಾಕಿಗಳ ಮುಂದಿಟ್ಟಳು. ಬ್ರೆಡ್ ಕೊಟ್ಟು ಬರುವಾಗ ಅವರು ಬೀದಿಯ ಸುದ್ದಿಯನ್ನೆಲ್ಲ ಬಿಸಿಬಿಸಿಯಾಗಿ ಹೊತ್ತು ತರತೊಡಗಿದರು. ಗೋಡೆಯ ಬಣ್ಣದ ಹೊಗಳಿಕೆ ಕಡಿಮೆಯಾಗುತ್ತಾ ನಿಂತೇಹೋಯಿತು. ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಮತ್ತೆ ಪಟ್ಟಿ ಬಿಗಿದು ಸಡಿಲಿಸಿದಾಗ, ಪರದೆಯ ಮೇಲಿನ ನಾಳ ನೆಂಟರ ದಾರಿ ಕಾಯುತ್ತಿದ್ದವರ ಬಾಗಿಲಿನಂತೆ ತೆರೆದುಕೊಂಡಿತು.

ಆ ಸಂಜೆ ಕೇಕ್ ಕೊಳ್ಳಲು ಬಂದ ಹಿರಿಯರೊಬ್ಬರು ಅಂಗಡಿಯ ಹೊರಗಿದ್ದ ಅದೇ ಮೆತ್ತನೆಯ ಕುರ್ಚಿಯಲ್ಲಿ ಹಾಯಾಗಿ ಒರಗಿದರು.

"ಭಾರಿ ಕುರ್ಚಿ ಕಣಮ್ಮಾ ಇದು. ಕೂತ್ರೆ ಏಳೋಕೇ ಮನಸ್ಸು ಬರಲ್ಲ."

"ಗೊತ್ತು," ಎಂದಳು ಅವಳು. "ಅದಕ್ಕೇ ಹೊರಗೆ ಹಾಕಿದ್ದು."

ಮಹಡಿಯ ಮೆಟ್ಟಿಲ ಮೇಲೆ ಬೆಣ್ಣೆ ಡಬ್ಬದ ಜೊತೆ ಇಳಿಯುವ ಹೆಜ್ಜೆ ಸದ್ದು ಕೇಳಿಸಿತು. ನಡುವೆ ಎಲ್ಲೂ ನಿಲ್ಲಲಿಲ್ಲ.