ರುಟಾಳ ಮೈಮೇಲೆ ಬಂದದ್ದು

ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಆ ಮನೆಯ ಚಾಪೆಗಳ ಮೇಲೆ ಜಾಗ ಸಾಲುತ್ತಿರಲಿಲ್ಲ. ಆಕ್ಲೆಂಡಿನ ಪಾನ್ಸನ್‌ಬಿಯಲ್ಲಿ, ಚೀನಿ ಮೂಲದ ಕ್ವೊಕ್ ದಂಪತಿಗಳ ತರಕಾರಿ ಅಂಗಡಿಯ ಬೆನ್ನಿಗೆ ಅಂಟಿಕೊಂಡಿದ್ದ ಹಳೆಯ ಮರದ ಮನೆ ಅದು. ಬಾಡಿಗೆಗಿದ್ದವನು ಫೆರೆತಿ, ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಅವನ ದುಡಿಮೆ. ಹೆಂಡತಿ ಸಿನಿವಾ, ತಾಯಿ ಮಟಾಲೇನಾ, ತಂಗಿ ಫುವಾತಿನೊ, ಮಗಳು ರುಟಾ, ಇಷ್ಟು ಜನ ಮನೆಯವರು. ಇವರಲ್ಲದೆ ಹುಟ್ಟೂರಾದ ಸಮೋವಾ ದ್ವೀಪದಿಂದ ಹೊಸದಾಗಿ ಬಂದಿಳಿದ ನೆಂಟರು, ನೆಂಟರ ನೆಂಟರು, ಕೆಲಸ ಸಿಗುವವರೆಗೆ ಎಂದು ಬಂದು ಅಲ್ಲೇ ಉಳಿದವರು. ಬಂದವರಿಗೆ ಬಾಗಿಲು ಹಾಕಿದ ಮನೆ ಮನೆಯೇ ಅಲ್ಲ ಎಂದು ಮಟಾಲೇನಾ ಹೇಳುತ್ತಿದ್ದಳು. ಅವಳ ಮಾತಿಗೆ ಎದುರಾಡಿದವರಿರಲಿಲ್ಲ.

ಅಂದು ಪ್ರಾರ್ಥನೆ ಮುಗಿದು ಕೆಸುವಿನ ಗೆಡ್ಡೆಯ ತಟ್ಟೆಗಳು ಬಂದವು. ರುಟಾ ಅಜ್ಜಿಗೆ ಚಹಾದ ಲೋಟ ಕೊಡಲು ಹೋದಳು. ಲೋಟ ಕೈಯಿಂದ ಚಿಮ್ಮಿತು. ಜಾರಿ ಬಿದ್ದದ್ದಲ್ಲ, ಯಾರೋ ಮೊಣಕೈಗೆ ಹೊಡೆದಂತೆ ಚಿಮ್ಮಿತು. ಹುಡುಗಿ ತನ್ನ ಕೈಯನ್ನೇ ಬೆರಗಾಗಿ ನೋಡಿದಳು. ಅಜ್ಜಿ ಗದರಿದಳು. ಒಡೆದ ಚೂರನ್ನು ಆರಿಸಲು ಬಗ್ಗಿದಾಗ ರುಟಾಳ ಭುಜ ಕುಣಿಯಿತು, ತುಟಿ ಒಂದು ಬದಿಗೆ ಎಳೆಯಿತು. ಚಾಪೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಸಿನಿವಾ ಎದ್ದು ಬಂದು ಮಗಳ ಕೈ ಹಿಡಿದುಕೊಂಡಳು. ಆ ಚಳಿಗಾಲದಲ್ಲಿ ರುಟಾಳಿಗೆ ಗಂಟಲು ನೋವು ಬಂದು ಹೋಗಿತ್ತು. ಆಮೇಲೆ ಮಂಡಿ, ಮೊಣಕೈ ಊದಿಕೊಂಡು ಅಳುತ್ತಿದ್ದಳು. ಬೆಳೆಯುವ ಮಕ್ಕಳಿಗೆ ಮೂಳೆ ನೋಯುತ್ತದೆ ಎಂದು ಅತ್ತೆ ಕೊಬ್ಬರಿ ಎಣ್ಣೆ ತಿಕ್ಕಿದ್ದಳು.

ಈ ಸಲ ಮಟಾಲೇನಾ ಎಣ್ಣೆಯ ಮಾತೆತ್ತಲಿಲ್ಲ. ಮೊಮ್ಮಗಳು ಸಂಜೆ ಕಪ್ಪಾಗುವಾಗ ಕೂದಲು ಬಿಚ್ಚಿ ಕನ್ನಡಿಯ ಮುಂದೆ ನಗುತ್ತಿದ್ದುದನ್ನು ತಾನು ಕಣ್ಣಾರೆ ಕಂಡೆ ಎಂದಳು. ಮಟಾಲೇನಾಳ ಅಕ್ಕ ತೌಸಿ ಸಮೋವಾದ ಊರಿನಲ್ಲಿ ತೀರಿಕೊಂಡಾಗ ಇಲ್ಲಿಂದ ಯಾರೂ ಮಣ್ಣಿಗೆ ಹೋಗಿರಲಿಲ್ಲ. ಆ ಅಕ್ಕ ಸಮುದ್ರ ದಾಟಿ ಬಂದು ಮಗುವಿನ ಮೈಮೇಲೆ ಕೂತಿದ್ದಾಳೆ, ಗಾಳಿ ಸೋಕಿದೆ ಎಂಬುದು ಅವಳ ತೀರ್ಮಾನ. ಅಕ್ಕನ ಮುಖವನ್ನು ಕೊನೆಗೆ ನೋಡಲಾಗದ ಸಂಕಟ ಅವಳಲ್ಲಿ ಭಯವಾಗಿ ಮೊಳೆತಿತ್ತು.

"ಆಸ್ಪತ್ರೆಗೆ ತೋರಿಸೋಣ ಅತ್ತೆ," ಎಂದಳು ಸಿನಿವಾ.

"ಬಿಳಿಯರ ಸೂಜಿ ಚುಚ್ಚಿದ್ರೆ ಸತ್ತೋರು ಇನ್ನೂ ಕೆರಳ್ತಾರೆ. ನಮ್ಮ ಕಾಯಿಲೆಗೆ ನಮ್ಮದೇ ಮದ್ದು."

"ದೇವರನ್ನ ನಂಬಿದೋರು ನಾವು. ಸತ್ತೋರಿಗೆ ಯಾಕೆ ಹೆದರಬೇಕು?"

"ದೇವರು ದೇವರ ಜಾಗದಲ್ಲಿದ್ದಾನೆ, ಸತ್ತೋರು ಅವರ ಜಾಗದಲ್ಲಿದ್ದಾರೆ. ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು ನೀನು, ನಂಗೆ ಹೇಳಿಕೊಡ್ತೀಯಾ?"

ಫೆರೆತಿ ತಲೆ ತಗ್ಗಿಸಿ ಕೂತಿದ್ದ. ತಾಯಿಯ ಎದುರು ಅವನಿಗೆ ಬಾಯಿ ಬರುತ್ತಿರಲಿಲ್ಲ. ಅದೂ ಅಲ್ಲದೆ ಅವನಿಗೆ ಇನ್ನೊಂದು ಭಯವಿತ್ತು. ಫುವಾತಿನೊಳಿಗೆ ಈ ದೇಶದಲ್ಲಿರಲು ಕೊಟ್ಟಿದ್ದ ಪರವಾನಗಿಯ ಅವಧಿ ಮುಗಿದು ಬಹಳ ಕಾಲವಾಗಿತ್ತು. ಕಾರ್ಖಾನೆಗಳಿಗೆ ಆಳು ಬೇಕಾಗಿದ್ದಾಗ ಯಾರೂ ಕಾಗದ ಕೇಳಿರಲಿಲ್ಲ. ಬನ್ನಿ ಬನ್ನಿ ಎಂದು ಕರೆದಿದ್ದರು. ಈ ಎಪ್ಪತ್ತರ ದಶಕದಲ್ಲಿ ಕೆಲಸ ಕಡಿಮೆಯಾದದ್ದೇ ತಡ, ಬೆಳಕು ಹರಿಯುವ ಮುಂಚೆ ನಾಯಿ ಹಿಡಿದುಕೊಂಡು ಪೊಲೀಸರು ದ್ವೀಪದವರ ಬಾಗಿಲು ಬಡಿಯತೊಡಗಿದ್ದರು. ಅವಧಿ ಮೀರಿದ ಬಿಳಿಯರೂ ಊರಲ್ಲಿ ಬೇಕಾದಷ್ಟಿದ್ದರು. ಅವರ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಗುವಿನ ವಿಳಾಸ ಬರೆದುಕೊಂಡರೆ ಅದು ಎಲ್ಲಿಗೆ ಮುಟ್ಟುತ್ತದೋ ಎಂದು ಆ ಬೀದಿಯವರೆಲ್ಲ ಅಳುಕುತ್ತಿದ್ದರು.

ರುಟಾಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಕಿಟಕಿಗೆ ಕಂಬಳಿ ಬಿತ್ತು. ಬಿಚ್ಚಿದ ಕೂದಲಿಗೇ ಸತ್ತವರು ಅಂಟಿಕೊಳ್ಳುವುದೆಂದು ಅವಳ ಉದ್ದ ಕೂದಲನ್ನು ಅಜ್ಜಿಯೇ ಅಳುತ್ತಾ ಕತ್ತರಿಸಿದಳು. ಸೊಪ್ಪಿನ ಮದ್ದು ಕೊಡುವ ಹೆಂಗಸೊಬ್ಬಳು ಬಂದು ಎಲೆ ಜಜ್ಜಿ ಅದರ ರಸವನ್ನು ಮಗುವಿನ ಮೂಗಿಗೂ ಕಣ್ಣಿಗೂ ಹಿಂಡಿದಳು. ರುಟಾ ಕಿರುಚಿದಳು. "ಕೂಗ್ತಿರೋದು ಅವಳಲ್ಲ, ತೌಸಿ," ಎಂದು ಆ ಹೆಂಗಸು ಸಮಾಧಾನವಾಗಿ ಹೇಳಿದಳು. ಬಾಗಿಲಾಚೆ ನಿಂತ ಸಿನಿವಾಳಿಗೆ ಅದು ತನ್ನ ಮಗಳ ದನಿಯೇ ಎಂದು ಗೊತ್ತಿತ್ತು. ಆದರೆ ಒಂದು ಕ್ಷಣ ಅವಳ ಮನಸ್ಸೂ ಅಳ್ಳಾಡಿತು. ಹೆತ್ತ ಮಗುವಿಗೇ ತಾನು ಹೆದರಿದೆನಲ್ಲಾ ಎಂದು ಆಮೇಲೆ ಬಚ್ಚಲಿಗೆ ಹೋಗಿ ಅತ್ತಳು.

ಶನಿವಾರಗಳಂದು ಸಿನಿವಾ ಕ್ವೊಕ್ ಅಂಗಡಿಯಲ್ಲಿ ಎಲೆಕೋಸಿನ ಹೊರ ಎಲೆ ಕೀಳುವ ಕೆಲಸ ಮಾಡುತ್ತಿದ್ದಳು. ಅವರ ಸಂಸಾರ ಕಂಡು ಅವಳಿಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿತ್ತು. ಅಂಗಡಿ ಸ್ವಂತದ್ದು, ಮನೆ ಸ್ವಂತದ್ದು, ಮಗ ಔಷಧಿ ಶಾಸ್ತ್ರ ಓದಲು ದೂರದ ಊರಿಗೆ ಹೋಗಿದ್ದ. ಸಿನಿವಾಳ ಮನೆಯ ದುಡಿಮೆ ಚರ್ಚಿಗೆ, ಊರಿನ ಮದುವೆಗೆ, ಸಾವಿಗೆ, ನೆಂಟರ ವಿಮಾನಕ್ಕೆ ಹರಿದು ಹೋಗುತ್ತಿತ್ತು. ಕ್ವೊಕ್ ದಂಪತಿಗಳದ್ದು ಅಂಗಡಿಯೊಳಗೇ ಬೆಳೆಯುತ್ತಿತ್ತು. ಆದರೆ ಆ ಮನೆಯಲ್ಲಿ ಹಾಡಿಲ್ಲ, ನೆಂಟರಿಲ್ಲ. ಗಂಡ ಹೆಂಡತಿ ಸರದಿಯ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತೇ ಅನ್ನ ಉಣ್ಣುತ್ತಿದ್ದರು. ಬೀದಿಯ ಹುಡುಗರು ಅಣಕಿಸಿದರೂ ಮುದುಕ ಕ್ವೊಕ್ ಮುಗುಳ್ನಗುತ್ತಲೇ ಸೇಬು ತೂಗುತ್ತಿದ್ದ. ದುಡ್ಡಿದ್ದವರಿಗೆ ಯಾರ ಭಯ ಎಂದು ಸಿನಿವಾ ತಿಳಿದಿದ್ದಳು.

ಆ ಶನಿವಾರ ಅವಳ ಕಣ್ಣು ಊದಿದ್ದನ್ನು ಕಂಡು ಮುದುಕನೇ ವಿಚಾರಿಸಿದ. ಅವರವರ ನುಡಿ ಬೇರೆ. ಇಬ್ಬರಿಗೂ ಬರುತ್ತಿದ್ದ ಹರಕು ಇಂಗ್ಲಿಷಿನಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅವನು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಮನೆಯ ಕಷ್ಟ ಮನೆಯೊಳಗೇ ಇರಬೇಕು, ಸರ್ಕಾರದವರ ಕಣ್ಣಿಗೆ ಬಿದ್ದವನು ಕೆಟ್ಟ, ತನ್ನ ಅಪ್ಪ ಈ ದೇಶಕ್ಕೆ ಕಾಲಿಡಲು ಚೀನಿ ಎಂಬ ಕಾರಣಕ್ಕೇ ತಲೆಗಂದಾಯ ತೆತ್ತಿದ್ದ, ಅಂದಿನಿಂದ ತಾವು ಬಾಯಿ ಮುಚ್ಚಿಕೊಂಡೇ ಬದುಕಿದ್ದು ಎಂದ. ಸಿನಿವಾಳಿಗೆ ತನ್ನ ಅತ್ತೆಯೇ ಬೇರೆ ಮುಖ ಹೊತ್ತು ಮಾತಾಡಿದಂತಾಯಿತು.

ಅವನು ಲಾರಿಯಿಂದ ಮೂಟೆ ಇಳಿಸಲು ಹೋದಾಗ, ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವನ ಹೆಂಡತಿ ಕ್ವೊಕ್ ಅಮ್ಮ ಸಿನಿವಾಳ ತೋಳು ಹಿಡಿದು ಮಹಡಿಗೆ ಕರೆದೊಯ್ದಳು. ಅಲ್ಲೊಂದು ಚಿಕ್ಕ ಕೋಣೆ, ಮಡಿಚಿಟ್ಟ ಹಾಸಿಗೆ, ಗೋಡೆಗೆ ಒಬ್ಬ ಹುಡುಗಿಯ ಚಿತ್ರ. ಮುಚ್ಚಿದ ಕೋಣೆಯ ಮುಗ್ಗಲು ವಾಸನೆ.

"ನನ್ನ ಮಗಳು, ಸೂ ಯಿಂಗ್," ಎಂದಳು ಅಮ್ಮ. "ಕೆಮ್ಮು. ರಕ್ತ ಬರ್ತಿತ್ತು. ಕ್ಷಯ ಇರೋ ಮನೆ ಅಂತ ಗೊತ್ತಾದ್ರೆ ಈ ಅಂಗಡೀಲಿ ಯಾರು ತರಕಾರಿ ಕೊಳ್ತಾರೆ ಅಂದ್ರು ಇವರು. ಇವರ ಅಪ್ಪಾನೂ ಅದನ್ನೇ ಅಂದ್ರು. ಊರಿಂದ ತಂದ ಬೇರು ಕುದಿಸಿ ಕೊಟ್ವಿ. ಕೆಳಗೆ ಕೇಳಿಸಬಾರದು ಅಂತ ಅವಳು ದಿಂಬಿಗೆ ಬಾಯಿಟ್ಟು ಕೆಮ್ತಿದ್ಲು."

ಸಿನಿವಾ ಗೋಡೆಯ ಚಿತ್ರದ ಹತ್ತಿರ ಹೋದಳು.

"ಅಂಗಡಿ ಉಳೀತು," ಎಂದಳು ಅಮ್ಮ. ಮಡಿಚಿಟ್ಟ ಹಾಸಿಗೆಯನ್ನು ಸವರುತ್ತಾ, "ನಿಮ್ಮಲ್ಲಿ ದೆವ್ವ ಅಂತಾರೆ, ನಮ್ಮಲ್ಲಿ ಮರ್ಯಾದೆ ಅಂದ್ರು. ಕೋಣೆ ಮಾತ್ರ ಇದೇ ಕೋಣೆ. ನೀನು ಕರ್ಕೊಂಡು ಹೋಗು."

ಸಿನಿವಾ ಮನೆಗೆ ಓಡಿಬಂದಾಗ ಹಿಂದಿನ ಕೋಣೆಯ ತುಂಬ ಜನ. ಸೊಪ್ಪಿನ ಹೆಂಗಸು ಮತ್ತೆ ಬಂದಿದ್ದಳು. ಇಂದು ತೌಸಿಯನ್ನು ಬಿಡಿಸಿಯೇ ತೀರುವುದೆಂದು ಎಲ್ಲರೂ ಸುತ್ತ ಕೂತಿದ್ದರು. ನಡುವೆ ರುಟಾ. ಅವಳ ಕೈಕಾಲು ತಂತಾನೇ ಎಗರುತ್ತಿದ್ದವು. ಮಲಗಿದರೆ ಉಸಿರು ಸಿಗದೆಂದು ಗೋಡೆಗೆ ಒರಗಿದ್ದಳು. ಕತ್ತಿನ ನರ ಹೊಡೆದುಕೊಳ್ಳುವುದು ಬಾಗಿಲಿಗೇ ಕಾಣುತ್ತಿತ್ತು. "ಅಮ್ಮಾ, ನಾನೇ. ನಾನು ರುಟಾನೇ," ಎಂದಿತು ಮಗು.

ಸಿನಿವಾ ಜನರ ನಡುವೆ ನುಗ್ಗಿ ಅವಳನ್ನು ಬೆನ್ನಿಗೆ ಎತ್ತಿಕೊಂಡಳು. ಮಟಾಲೇನಾ ಬಾಗಿಲಿಗೆ ಅಡ್ಡ ನಿಂತಳು.

"ಹೊಸ್ತಿಲು ದಾಟಿದ್ರೆ ನನ್ನ ಮಗಳನ್ನ ಪೊಲೀಸರ ಕೈಗೆ ಕೊಟ್ಟ ಹಾಗೆ. ಒಬ್ಬಳಿಗೋಸ್ಕರ ಮನೆ ಮುರೀತೀಯಾ?"

ಸಿನಿವಾ ಹೊಸ್ತಿಲ ಬಳಿ ನಿಂತುಬಿಟ್ಟಳು. ಅತ್ತೆಯ ಮಾತು ಸುಳ್ಳಾಗಿರಲಿಲ್ಲ.

ಉತ್ತರ ಕೊಟ್ಟವಳು ಫುವಾತಿನೊ. ಮೂಲೆಯಿಂದ ಎದ್ದು ಬಂದು ತಾಯಿಯ ಕೈಯನ್ನು ಮೆಲ್ಲಗೆ ಬಾಗಿಲಿನಿಂದ ಸರಿಸಿದಳು. "ನನ್ನ ಹಿಡಿದ್ರೆ ವಿಮಾನ ಹತ್ತಿಸ್ತಾರೆ ಅಮ್ಮ, ಅಷ್ಟೆ. ಇವಳು ಹೋದ್ರೆ ಎಲ್ಲಿಂದ ತರ್ತೀಯಾ? ಅತ್ತಿಗೆ, ನೀನು ಹೊರಡು."

ಫೆರೆತಿ ಎದ್ದು ನಿಂತ. ಆದರೆ ಬಾಗಿಲವರೆಗೆ ಬಂದು ಅಲ್ಲೇ ಉಳಿದ.

ಅಂಗಡಿಯ ಮುಂದೆ ಕ್ವೊಕ್ ಅಮ್ಮ ತರಕಾರಿಯ ಮಣ್ಣು ಮೆತ್ತಿದ ಏಪ್ರನ್ನಿನಲ್ಲೇ ಕಾಯುತ್ತಿದ್ದಳು. ಗಂಡ ಒಳಗಿನಿಂದ ಗಟ್ಟಿಯಾಗಿ ಏನೋ ಕೂಗಿದ. ಅವಳು ತಿರುಗಿ ನೋಡಲಿಲ್ಲ. ಇಬ್ಬರೂ ಸರದಿಯಲ್ಲಿ ಮಗುವನ್ನು ಹೊತ್ತು ಬಸ್ ನಿಲ್ದಾಣ ಮುಟ್ಟಿದಾಗ ಪೊಲೀಸ್ ಗಾಡಿಯೊಂದು ಬಂದು ನಿಂತಿತು. ಆ ದಿನಗಳಲ್ಲಿ ಬೀದಿಯಲ್ಲೇ ಪಾಸ್‌ಪೋರ್ಟ್ ಕೇಳುತ್ತಿದ್ದರು. ಎಳೆಯ ಪೊಲೀಸನೊಬ್ಬ ಇಳಿದು ಸಿನಿವಾಳ ಎದುರು ಕೈ ಚಾಚಿದ. ಅವಳ ಕಾಗದಗಳು ಸರಿಯಾಗೇ ಇದ್ದವು, ಮನೆಯ ಟ್ರಂಕಿನಲ್ಲಿ. ಅದನ್ನು ಹೇಳಲು ಹೊರಟಾಗಲೇ ಮಗು ಬೆನ್ನಿನಿಂದ ಜಾರತೊಡಗಿತು. ಅವಳು ಬಗ್ಗಿ ಮಗುವನ್ನು ಮೇಲಕ್ಕೆ ಸರಿಸಿಕೊಂಡಳು.

"ಮೊದಲು ಮಗು. ಆಮೇಲೆ ಕಾಗದ," ಎಂದಳು ಕ್ವೊಕ್ ಅಮ್ಮ.

ಸಮವಸ್ತ್ರ ತೊಟ್ಟ ಅಂಚೆಯವನಿಗೂ ತಲೆ ತಗ್ಗಿಸುವ ಹೆಂಗಸು ಅವಳು. ಪೊಲೀಸ ಅವಳನ್ನು ನೋಡಿದ, ಮಗುವಿನ ನೀಲಿಗಟ್ಟಿದ ತುಟಿ ನೋಡಿದ, ಸಿನಿವಾಳ ಹೆಸರು ವಿಳಾಸ ಬರೆದುಕೊಂಡು ದಾರಿ ಬಿಟ್ಟ. ಬಸ್ಸಿನಲ್ಲಿ ಕೂತ ಮೇಲೆ ಅಮ್ಮ ಹಿಂತಿರುಗಿ ಪೊಲೀಸ್ ಗಾಡಿಯನ್ನು ನೋಡಿದಳು. "ನೋಡಿದ್ಯಾ, ನನ್ನ ಏನೂ ಕೇಳಲಿಲ್ಲ," ಎಂದಳು. "ಆಗ ನಮ್ಮನ್ನ ಕೇಳ್ತಿದ್ರು. ಈಗ ನಿಮ್ಮನ್ನ."

ಆಸ್ಪತ್ರೆಯ ವೈದ್ಯೆ ಮಗುವಿನ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು. ಗಂಟಲಿನ ಜ್ವರ ಕೀಲಿಗಿಳಿದು, ಹೃದಯಕ್ಕಿಳಿದು, ಮಿದುಳನ್ನೂ ಮುಟ್ಟಿದೆ. ಕೈಕಾಲು ಕುಣಿಯುವುದು ಅದೇ ಜ್ವರದ ಕೆಲಸ, ಇಂಥ ಮಕ್ಕಳು ಈ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ ಎಂದಳು. ಕುಣಿತ ನಿಲ್ಲುತ್ತದೆ. ಹೃದಯದ ಕವಾಟ ಮೊದಲಿನಂತೆ ಆಗುವುದಿಲ್ಲ. ಗಂಟಲು ನೋವಿಗೇ ಮದ್ದು ಬಿದ್ದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಮಗುವಿನ ಕಣ್ಣೇಕೆ ಇಷ್ಟು ಕೆಂಪಾಗಿದೆ ಎಂದು ವೈದ್ಯೆ ಕೇಳಿದಾಗ ಸಿನಿವಾ ಮುಚ್ಚಿಡದೆ ಹೇಳಿದಳು. ವೈದ್ಯೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ರುಟಾ ಹಾಸಿಗೆಯಲ್ಲಿರುವಾಗಲೇ ಒಂದು ಮುಂಜಾವು ಪೊಲೀಸರು ಮನೆಯ ಬಾಗಿಲು ಬಡಿದರು. ಆಸ್ಪತ್ರೆಯಿಂದ ಸುದ್ದಿ ಹೋಯಿತೋ, ಬೀದಿಯ ಪೊಲೀಸ ಬರೆದುಕೊಂಡದ್ದರಿಂದಲೋ, ಇಲ್ಲ ಆ ಬೀದಿಯ ಸರದಿಯೇ ಬಂದಿತ್ತೋ, ತಿಳಿಯಲಿಲ್ಲ. ಫುವಾತಿನೊ ಓಡಲಿಲ್ಲ. ಮಲಗುವ ಬಟ್ಟೆಯ ಮೇಲೆ ಕೋಟು ಹಾಕಿಕೊಂಡು, ತಾಯಿಯ ಕೆನ್ನೆಗೆ ಕೆನ್ನೆಯಿಟ್ಟು ಅವರ ಜೊತೆ ನಡೆದಳು. ಅಂದಿನಿಂದ ಮಟಾಲೇನಾ ಸೊಸೆಯ ಕೈಯ ಚಹಾ ಕುಡಿಯಲಿಲ್ಲ.

ಸಿನಿವಾ ಅದನ್ನೂ ಸಹಿಸಿದಳು. ನಾದಿನಿಯ ಖಾಲಿ ಚಾಪೆ ಕಂಡಾಗಲೆಲ್ಲ ತಾನು ಮಾಡಿದ್ದು ಸರಿಯೇ ಎಂದು ತನ್ನನ್ನೇ ಕೇಳಿಕೊಂಡಳು. ಸರಿ ಎಂಬ ಉತ್ತರ ಬಂದರೂ ನೋವು ಕಡಿಮೆಯಾಗಲಿಲ್ಲ. ಅಂಗಡಿಯಲ್ಲಿ ಕ್ವೊಕ್ ಅಮ್ಮ ಗಂಡನ ಎದುರಿಗೇ ಗಿರಾಕಿಗಳಿಗೆ ತನಗೊಬ್ಬಳು ಮಗಳಿದ್ದಳೆಂದು ಹೇಳತೊಡಗಿದ್ದಳು. ಗಂಡ ಬೆನ್ನು ತಿರುಗಿಸಿ ಕಿತ್ತಳೆ ಜೋಡಿಸುತ್ತಿದ್ದ.

ಬೇಸಿಗೆ ಬಂತು. ರುಟಾ ಮನೆಗೆ ಬಂದಳು. ಕುಣಿತ ನಿಂತಿತ್ತು, ಚರ್ಚಿನ ಮೆಟ್ಟಿಲು ಹತ್ತುವಾಗ ಮಾತ್ರ ಅವಳು ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಒಂದು ಭಾನುವಾರ ಪ್ರಾರ್ಥನೆ ಮುಗಿದು ಹೆಂಗಸರು ಹಿಂದಿನ ಸಭಾಂಗಣದಲ್ಲಿ ಸೇರಿದ್ದರು. ಸೊಪ್ಪಿನ ಹೆಂಗಸಿನ ಮದ್ದೇ ತೌಸಿಯನ್ನು ಓಡಿಸಿತು, ಆಸ್ಪತ್ರೆಗೆ ಸುಮ್ಮನೆ ಹೆಸರು ಬಂತು ಎಂದು ಯಾರೋ ಹೇಳಿದರು. ಹಲವರು ತಲೆಯಾಡಿಸಿದರು.

ಸಿನಿವಾ ಮಗಳ ಕೈ ಹಿಡಿದು ಎದ್ದಳು. ಹಿರಿಯರ ಸಾಲಿನ ಮುಂದೆ ಸೊಸೆಯಂದಿರು ಎದ್ದು ಮಾತಾಡುವ ರೂಢಿಯಿರಲಿಲ್ಲ.

"ಮಾತು ಬೇಡ," ಎಂದಳು. "ಇವಳ ಎದೆ ಮೇಲೆ ಕೈಯಿಟ್ಟು ನೋಡಿ. ತೌಸಿ ಹೋಗಿದ್ರೆ ಇದ್ಯಾಕೆ ಹೀಗಿದೆ, ಹೇಳಿ."

ಒಬ್ಬಳು ಮುಂದೆ ಬಂದು ಅಂಗೈಯಿಟ್ಟಳು, ಬೆಚ್ಚಿ ತೆಗೆದಳು. ಪಕ್ಕೆಲುಬಿನಡಿ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಏನೋ ಬಡಿದುಕೊಳ್ಳುತ್ತಿತ್ತು. ಇನ್ನೊಬ್ಬಳು ಇಟ್ಟಳು, ಮತ್ತೊಬ್ಬಳು. ರುಟಾ ನಾಚಿ ನೆಲ ನೋಡುತ್ತಿದ್ದಳು. ಕೊನೆಗೆ ಮಟಾಲೇನಾ ಬಂದಳು. ಅವಳ ಒರಟು ಕೈ ಮೊಮ್ಮಗಳ ಎದೆಯ ಮೇಲೆ ಕೂತಿತು, ಮತ್ತೆ ಮೇಲೇಳಲಿಲ್ಲ.

"ಇಷ್ಟು ದಿನಾನೂ ಇದು ಹೀಗೇ ಹೊಡ್ಕೊಳ್ತಿತ್ತೇನೇ?" ಎಂದು ಸೊಸೆಯನ್ನು ಕೇಳಿದಳು.

"ಹೌದು ಅತ್ತೆ."

ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಎದ್ದು ನಿಂತಳು. ಅವಳ ತಂಗಿಯೂ ಕಾಗದವಿಲ್ಲದೆ ಮನೆಯಲ್ಲಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ತನ್ನ ಚಿಕ್ಕ ಮಗಳಿಗೆ ನುಂಗಲಾಗದಷ್ಟು ಗಂಟಲು ನೋವು, ಏನು ಮಾಡಲಿ ಎಂದು ಪಿಸುಗುಟ್ಟಿದಳು. ಸಿನಿವಾ ಬಾಯಿ ತೆರೆಯುವ ಮುಂಚೆ ಮಟಾಲೇನಾ ತನ್ನ ಭಾನುವಾರದ ಟೋಪಿ ಸರಿಮಾಡಿಕೊಂಡಳು.

"ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ," ಎಂದಳು.

ಬೀದಿಯ ತುದಿಯಲ್ಲಿ ಪೊಲೀಸ್ ಗಾಡಿ ನಿಂತಿತ್ತು. ಆ ತಾಯಿ ಅದನ್ನು ಕಂಡು ಹಿಂಜರಿದಳು. ಮಟಾಲೇನಾಳಿಗೂ ಭಯವಾಯಿತು, ಸೊಸೆಯ ತೋಳನ್ನು ಅವಳು ಹಿಡಿದ ಬಿಗಿಯಲ್ಲೇ ಅದು ತಿಳಿಯುತ್ತಿತ್ತು. ಆ ತಾಯಿಯ ಮಗಳನ್ನು ನಡುವೆ ಇಟ್ಟುಕೊಂಡು ಮೂವರು ಹೆಂಗಸರೂ ಗಾಡಿಯ ಮುಂದೆಯೇ ನಡೆದರು.