ಸಾಹೇಬರಿಗೊಂದು ದಾಸವಾಳ

ಗಿಡದಜ್ಜನ ನರ್ಸರಿಯ ಗೇಟಿಗೆ ಒಂದು ತಗಡಿನ ಬೋರ್ಡು ತೂಗುತ್ತಿತ್ತು. ‘ಇಲ್ಲಿನ ಗಿಡಗಳಿಗೆ ವಿಷ ಹಾಕುವುದಿಲ್ಲ’ ಎಂದು ಅಜ್ಜ ಸ್ವಂತ ಕೈಯಿಂದ ಬರೆದದ್ದು. ಓದು ಮೂರನೇ ಕ್ಲಾಸಿಗೆ ನಿಂತವನ ಅಕ್ಷರ; ಸಾಲು ಎಡಗಡೆ ನೆಟ್ಟಗೆ ಹೊರಟು ಬಲಗಡೆ ಬರುವಷ್ಟರಲ್ಲಿ ಇಳಿಜಾರಿಗೆ ಬಿದ್ದಿತ್ತು. ಜನಕ್ಕೆ ನಂಬಿಕೆ ಹುಟ್ಟುತ್ತಿದ್ದದ್ದೇ ಅದರಿಂದ. ಇಷ್ಟು ಸೊಟ್ಟಗೆ ಬರೆಯುವವನಿಗೆ ಸುಳ್ಳು ಹೇಳುವ ಜಾಣತನ ಎಲ್ಲಿಂದ ಬರಬೇಕು?

ಬೋರ್ಡಿಗೆ ಹದಿನೆಂಟು ವರ್ಷ. ಶನಿವಾರ ಸಂಜೆ ಗೇಟು ಹಾಕಿದ ಮೇಲೆ ಮೂಗಿಗೆ ಟವೆಲ್ ಸುತ್ತಿ, ಬೆನ್ನಿಗೆ ಪಂಪು ಏರಿಸಿ, ಸಾಲು ಹಿಡಿದು ಹುಳದ ಔಷಧಿ ಹೊಡೆಯುವ ಅಜ್ಜನ ಪದ್ಧತಿ ಅದಕ್ಕಿಂತ ಹಳೆಯದು. ಕುಂಡಕ್ಕೆ ಮಣ್ಣು ತುಂಬುವಾಗ ಒಂದು ಚಿಟಿಕೆ ಹರಳು ಔಷಧಿ ಬೇರೆ. ಇದರಲ್ಲಿ ಸುಳ್ಳೇನಿದೆ ಎಂದು ಅಜ್ಜ ತನಗೆ ತಾನೇ ಯಾವತ್ತೋ ಸಮಾಧಾನ ಹೇಳಿಕೊಂಡಿದ್ದ. ಮನುಷ್ಯ ಸತ್ತರೆ ತಾನೆ ಅದು ವಿಷ? ಹುಳ ಸತ್ತರೆ ಅದು ಔಷಧಿ.

ಈ ಗುಟ್ಟು ಗೊತ್ತಿದ್ದವಳು ಅಜ್ಜನ ಅಕ್ಕ ಒಬ್ಬಳೇ. ಇಡೀ ಬೀದಿಗೂ ಅವಳು ಅಕ್ಕನೇ. ನರ್ಸರಿಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಡೆದ ಬಕೆಟ್ಟಿನಲ್ಲಿ, ಅವಳದೊಂದು ದಾಸವಾಳದ ಗಿಡವಿತ್ತು. ಏಳು ವರ್ಷದ ಹಿಂದೆ ಅಜ್ಜ ಅದಕ್ಕೂ ಪಂಪು ತಿರುಗಿಸಿದ್ದ. ಅಕ್ಕ ಪಂಪನ್ನು ಅವನ ಬೆನ್ನಿನಿಂದ ಇಳಿಸಿಕೊಂಡು ಹೋಗಿ ಹಾಳುಬಾವಿಗೆ ಹಾಕಿ ಬಂದಳು. ಅಂದಿನಿಂದ ಆ ಗಿಡದ ಹತ್ತಿರ ಅಜ್ಜ ಸುಳಿದಿರಲಿಲ್ಲ. ಎಲೆ ತುಂಬ ತೂತು, ಕೊಂಬೆ ದಿಕ್ಕಿಗೊಂದು. ಗಿರಾಕಿಗಳ ಕಣ್ಣಿಗೆ ಬಿದ್ದರೆ ತನ್ನ ಮಾನ ಹೋಗುತ್ತದೆ ಎಂದು ಅದರ ಮುಂದೆ ಒಂದು ನೀಲಿ ಟಾರ್ಪಾಲು ಕಟ್ಟಿಬಿಟ್ಟಿದ್ದ.

ಒಂದು ಭಾನುವಾರ ಬೆಳಿಗ್ಗೆ, ಹಿಂದಿನ ಸಂಜೆಯ ಔಷಧಿಯ ಘಾಟು ಇನ್ನೂ ಆರುವ ಮೊದಲೇ ಅಜ್ಜನ ಅಳಿಯ ಬಂದು ನಿಂತ. ಅವನು ಕ್ಷೌರಿಕ. ಭಾನುವಾರ ಅವನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

“ಏನು ಅಳಿಯಂದಿರು, ಈ ಕಡೆ? ಊರವರಿಗೆಲ್ಲ ಗಡ್ಡ ಬೆಳೆಯೋದು ನಿಂತುಹೋಯ್ತಾ?”

ಅಜ್ಜ ಅಳಿಯನನ್ನು ಬಹುವಚನದಲ್ಲಿ ಕರೆದರೆ ಅದರಲ್ಲಿ ಮರ್ಯಾದೆ ಹುಡುಕಬಾರದು. ಹನ್ನೆರಡು ವರ್ಷದಿಂದ ಅಳಿಯನನ್ನು ಗೇಲಿ ಮಾಡುವುದು ಅಜ್ಜನಿಗೆ ವೀಳ್ಯದಷ್ಟೇ ರೂಢಿ. ಮುಖ್ಯ ಕಾರಣ ಅಳಿಯನ ಮಾತು. ಕತ್ತರಿ ನಿಂತರೂ ಅದು ನಿಲ್ಲುತ್ತಿರಲಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತವರು ವಿಧಿಯಿಲ್ಲದೆ ಕೇಳುತ್ತಿದ್ದರು.

“ಅಂಗಡಿ ಮುಚ್ಚಿ ಬಂದೆ ಮಾವ. ಸಾಹೇಬರಿಗೆ ಹುಷಾರಿಲ್ಲ.”

ಸಾಹೇಬರು ಅಂದರೆ ಊಸರವಳ್ಳಿ. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬ ಹನ್ನೆರಡು ದಿನದ ಹಿಂದೆ ಅದನ್ನು ಅಳಿಯನ ಕೈಗೆ ಒಪ್ಪಿಸಿದ್ದ. ಒಂದು ಕಣ್ಣು ಬಾಗಿಲ ಕಡೆ, ಇನ್ನೊಂದು ಕಣ್ಣು ಕನ್ನಡಿ ಕಡೆ. ಕಚೇರಿಯಲ್ಲಿ ಕೂತ ಅಧಿಕಾರಿಯ ಗತ್ತು ಕಂಡು ಅಳಿಯ ಆ ಹೆಸರಿಟ್ಟ. ಬಾಚಣಿಗೆ, ಪೌಡರು ಇಡುತ್ತಿದ್ದ ಎತ್ತರದ ಕಪಾಟಿಗೆ ಸೊಳ್ಳೆಜಾಲರಿ ಹೊಡೆದು ಮನೆ ಮಾಡಿಕೊಟ್ಟ. ಒಳಗೆ ಪ್ಲಾಸ್ಟಿಕ್ ಬಳ್ಳಿ, ಬಟ್ಟಲಲ್ಲಿ ನೀರು. ಮಾತಿಗೆ ಎದ್ದುಹೋಗದ ಜೀವಿಯೊಂದು ಅವನಿಗೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು.

“ಹುಳ ತಿಂತಾ ಇದ್ರು ಮಾವ, ಮೂರು ದಿನದಿಂದ ಅದೂ ಇಲ್ಲ. ಕಣ್ಣು ಒಳಗೆ ಹೋಗಿದೆ. ಬಟ್ಟಲಿನ ನೀರು ಮುಟ್ಟೇ ಇಲ್ಲ. ಪ್ರಾಣಿ ಡಾಕ್ಟರು ಬೈದ್ರು. ನಿಂತ ನೀರು ಇವಕ್ಕೆ ನೀರು ಅಂತಲೇ ಗೊತ್ತಾಗಲ್ವಂತೆ. ಎಲೆ ಮೇಲಿನ ಹನಿ ನೆಕ್ಕೋದೊಂದೇ ಗೊತ್ತು.”

“ಪ್ಲಾಸ್ಟಿಕ್ ಎಲೆಗೇ ನೀರು ಚಿಮುಕಿಸು ಮತ್ತೆ.”

“ಮಾಡಿದೆ. ಅವರು ಮೇಲೆ ಹತ್ತೋದೇ ಇಲ್ಲ. ಕೆಳಗೆ ಮೂಲೆಯಲ್ಲಿ ಕೂತುಬಿಟ್ಟಿದ್ದಾರೆ. ಜೀವದ ಗಿಡ ಇಟ್ಟರೆ ಮೇಲೆ ಬರ್ತಾರಂತೆ. ಇವತ್ತು ಸಂಜೆಯೊಳಗೆ ನೀರು ಕುಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂದ್ರು.”

ಹೇಳುತ್ತಲೇ ಅಳಿಯ ಒಳಗೆ ನುಗ್ಗಿ, ಬಿಳಿ ಮಚ್ಚೆಯ ಅಗಲ ಎಲೆಗಳ ಗಿಡವೊಂದನ್ನು ತಬ್ಬಿಕೊಂಡ. “ಇದು ಕೊಡಿ. ಕನ್ನಡಿ ಪಕ್ಕ ಚೆನ್ನಾಗಿ ಕಾಣುತ್ತೆ.”

“ಇಡು ಕೆಳಗೆ. ಅದರ ರಸ ತಗುಲಿದರೆ ನಾಲಿಗೆ ಊದಿ ಮಾತೇ ನಿಂತುಹೋಗುತ್ತೆ. ಸಾಹೇಬರಿಗೆ ಬೇಡ. ನೀನು ಬೇಕಾದರೆ ಒಂದು ತುಂಡು ಅಗಿ, ನಿನ್ನ ಗಿರಾಕಿಗಳು ಬಂದು ನನಗೆ ಕೈಮುಗೀತಾರೆ.”

ಗಿಡದ ಮಾತು ಬಂದರೆ ಅಜ್ಜನಿಗೆ ಮೈಮರೆವು. ಅಂಥ ಪ್ರಾಣಿಯ ಕಾಲು ಇಕ್ಕಳದ ಹಾಗೆ, ಅದಕ್ಕೆ ಬೆರಳು ದಪ್ಪದ ಕೊಂಬೆ ಬೇಕು, ಒಂದಕ್ಕೊಂದು ಅಡ್ಡ ಹಾಯಬೇಕು ಎಂದ. ಎಲೆ ಅಗಲವಾಗಿರಬೇಕು, ಆದರೆ ಹನಿ ಜಾರುವಷ್ಟು ನಯ ಇರಬಾರದು. ಛತ್ರಿ ಗಿಡ ಆದೀತು. ಮನಿಪ್ಲಾಂಟ್ ಬಳ್ಳಿ ಮೇಲಿಂದ ಇಳಿಬಿಟ್ಟರೆ ಅಡಗಿಕೊಳ್ಳಲು ಮರೆಯಾದೀತು. ನೆರಳಲ್ಲಿ ಬದುಕುವಂಥದ್ದೇ ಇರಲಿ, ಕ್ಷೌರದಂಗಡಿಗೆ ಬಿಸಿಲು ಎಲ್ಲಿಂದ ಬರಬೇಕು. ಬೆರಳು ತೋರಿಸುತ್ತ ಮೂರು ಸಾಲು ಸುತ್ತಿ ಬಂದ.

ಅಳಿಯನ ಮುಖ ಅರಳಿತು. “ಡಾಕ್ಟರು ಇನ್ನೊಂದು ಮಾತು ಹೇಳಿದ್ರು. ಔಷಧಿ ಹೊಡೆದ ಗಿಡ ಮಾತ್ರ ತರಬೇಡ, ಎಲೆ ನೆಕ್ಕಿದರೆ ಅಲ್ಲೇ ಮುಗೀತು ಅಂತ. ನಾನಂದೆ, ಡಾಕ್ಟರೇ, ನೀವು ನಮ್ಮ ಮಾವನ ಬೋರ್ಡು ನೋಡಿಲ್ಲ.”

ಟಾರ್ಪಾಲಿನ ಹಿಂದೆ ಯಾರೋ ಕೆಮ್ಮಿದರು. ಅಕ್ಕನಿಗೆ ಕೆಮ್ಮಿನ ಕಾಯಿಲೆ ಯಾವತ್ತೂ ಇರಲಿಲ್ಲ.

ಅಜ್ಜನ ಬೆರಳು ತಾನಾಗಿ ಮಡಚಿಕೊಂಡಿತು. “ಛತ್ರಿ ಗಿಡ... ಈಗ ಅದರ ಕಾಲ ಅಲ್ಲ.”

“ಹಸಿರಾಗೇ ಇದೆಯಲ್ಲ ಮಾವ.”

“ಹೊರಗೆ ಹಸಿರು. ಒಳಗೆ ಅದಕ್ಕೆ ಬೇಜಾರು.”

“ಮನಿಪ್ಲಾಂಟ್?”

“ಯಾರೋ ಹೇಳಿಹೋಗಿದ್ದಾರೆ.”

“ನಲವತ್ತೂ?”

“ದೊಡ್ಡ ಸಂಸಾರ.”

ಅಳಿಯ ಛತ್ರಿ ಗಿಡಗಳ ಸಾಲಿಗೆ ಹೋಗಿ ನಿಂತ. “ಹನ್ನೆರಡು ವರ್ಷದಲ್ಲಿ ನಿಮ್ಮ ಹತ್ತಿರ ಏನಾದರೂ ಕೇಳಿದ್ದೀನಾ ಮಾವ? ಹಲ್ಲಿಯಂಥ ಪ್ರಾಣಿಗೆ ತಾನೇ ಅಂತ ಹಗುರ ಮಾಡ್ತಿದ್ದೀರಿ. ಆಗಲಿ. ಅದು ಸಾಯ್ತಾ ಇದೆ. ಆಮೇಲೆ ಬೇಕಾದಷ್ಟು ಬೈಯಿರಿ.” ಒಂದು ಛತ್ರಿ ಗಿಡವನ್ನು ಎತ್ತಿ ಎದೆಗವಚಿಕೊಂಡು ಗೇಟಿನ ಕಡೆ ನಡೆದ.

ಎಲೆ ತೊಳೆದುಕೋ ಎಂದು ಹಿಂದಿನಿಂದ ಕೂಗಿದರೆ ಸಾಕೇ ಎಂದು ಅಜ್ಜ ಯೋಚಿಸಿದ. ಮೇಲೆ ಹೊಡೆದದ್ದು ತೊಳೆದರೆ ಹೋದೀತು. ಬುಡಕ್ಕೆ ಹಾಕಿದ ಹರಳು? ಅದು ಬೇರಿನಿಂದ ಏರಿ ಎಲೆಯ ನರದಲ್ಲಿ ಕೂತಿರುತ್ತದೆ. ಕೂರಲಿ ಎಂದೇ ಹಾಕಿದ್ದು.

ಆಗ ಎಲ್ಲಿಂದಲೋ ಒಂದು ಬೆಂಕಿಪೊಟ್ಟಣ ನೆನಪಿಗೆ ಬಂತು. ಮಗಳಿಗೆ ಆಗ ಆರು ವರ್ಷ. ಬೆಂಕಿಪೊಟ್ಟಣದಲ್ಲಿ ಒಂದು ಮಿಡತೆ ಸಾಕಿದ್ದಳು. ಅಪ್ಪನ ನರ್ಸರಿಯ ಎಳೆ ಎಲೆಯನ್ನೇ ಆರಿಸಿ ಹಾಕಿದ್ದಳು. ಮರುದಿನ ಅದು ಕಾಲು ಮೇಲೆ ಮಾಡಿ ಬಿದ್ದಿತ್ತು. ವಯಸ್ಸಾಗಿತ್ತು ಕಣಮ್ಮ, ಎಂದಿದ್ದ ಅಜ್ಜ. ಮಗಳು ನಂಬಿದ್ದಳು. ಆ ನಂಬಿದ ಮುಖ ಮೂವತ್ತು ವರ್ಷವಾದರೂ ಅಜ್ಜನ ಕಣ್ಣ ಮುಂದಿನಿಂದ ಸರಿದಿರಲಿಲ್ಲ. ಅವಳ ಗಂಡ ಈಗ ಅದೇ ಮುಖ ಹೊತ್ತು ಗೇಟು ದಾಟುತ್ತಿದ್ದ.

“ಏಯ್, ನಿಲ್ಲು. ಇಡು ಅದನ್ನ. ಆ ಬೋರ್ಡು ಸುಳ್ಳು.”

ಅಳಿಯ ತಿರುಗಿದ.

“ಪ್ರತಿ ಶನಿವಾರ ಹೊಡೀತೀನಿ. ಎಲ್ಲಕ್ಕೂ. ನಿನ್ನೆ ಸಂಜೇನೂ ಹೊಡೆದೆ.”

ಅಳಿಯ ಕುಂಡ ಇಳಿಸಿ, ಕೈಯನ್ನು ಪ್ಯಾಂಟಿಗೆ ಮೂರು ಸಲ ಒರೆಸಿಕೊಂಡ. “ನಮ್ಮನೆಗೆ ಕೊಟ್ಟ ಪುದೀನ?”

“ಅದಕ್ಕೂ.”

“ದಿನಾ ಚಹಾಕ್ಕೆ ಹಾಕ್ಕೊಂಡು ಕುಡಿದಿದ್ದೀನಿ ಮಾವ.”

“ನಿನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀಯ.”

“ತಲೆಕೂದಲು ಹೋಯ್ತು.”

“ಅದು ನಿಮ್ಮಪ್ಪ ಕೊಟ್ಟದ್ದು. ನನ್ನ ಮೇಲೆ ಹಾಕಬೇಡ.”

ಟಾರ್ಪಾಲು ಒಂದು ಮೂಲೆಯಲ್ಲಿ ಎದ್ದಿತು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಈಚೆ ಬಂದಳು. “ಹದಿನೆಂಟು ವರ್ಷ ಬೇಕಾಯ್ತಲ್ಲೋ ನಿನಗೆ, ಮೂರು ಪದ ಬಾಯಿಂದ ಬೀಳೋಕೆ. ಹೆರಿಗೆಗೂ ಇಷ್ಟು ಹೊತ್ತು ಹಿಡಿಯಲ್ಲ.”

ಅಜ್ಜ ನೆಲ ನೋಡಿದ. ಕೇಳಬೇಕಾದದ್ದು ಗೊತ್ತಿತ್ತು. ಏಳು ವರ್ಷದಿಂದ ಆ ಗಿಡವನ್ನು ಅವನು ಕರೆದದ್ದು ದರಿದ್ರ ಎಂಬ ಒಂದೇ ಹೆಸರಿನಿಂದ. “ಅಕ್ಕಾ, ನಿನ್ನ... ಆ ಗಿಡ...”

“ಯಾವ ಗಿಡ?”

“ದಾಸವಾಳ.”

“ಹೆಸರು ಗೊತ್ತಿದೆ ಹಾಗಾದರೆ.”

“ಸಾಹೇಬರಿಗೆ ಬೇಕಾಗಿದೆ.”

“ಸಾಹೇಬರಿಗೆ ಕೊಡ್ತೀನಿ. ನಿನಗಲ್ಲ. ಆದರೆ ನೀನೇ ಹೊರಬೇಕು. ಆ ಬೋರ್ಡೂ ಜೊತೆಗೆ ಬರಲಿ. ನಿಜ ಇರೋ ಕಡೆ ಇರಲಿ ಅದು.”

ಹೀಗೆ ಆ ಭಾನುವಾರ ಬೀದಿಯ ಜನ ಒಂದು ಮೆರವಣಿಗೆ ನೋಡಿದರು. ಮುಂದೆ ಗಿಡದಜ್ಜ, ತಲೆಯ ಮೇಲೆ ಒಡೆದ ಬಕೆಟ್ಟು, ಕಿವಿಯ ಹತ್ತಿರ ಕಂಬಳಿಹುಳ. ಹಿಂದೆ ತಗಡಿನ ಬೋರ್ಡು ಬಗಲಲ್ಲಿಟ್ಟ ಅಳಿಯ. ಎಲ್ಲರ ಹಿಂದೆ, ಎಲೆ ಉದುರಿದರೆ ಎಚ್ಚರಿಕೆ ಎನ್ನುತ್ತ ಅಕ್ಕ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಬಳ್ಳಿ ಕಿತ್ತು ಬಿಸಾಕಿದರು. ಗಿಡಕ್ಕೆ ನೀರೆರೆದು ಧೂಳು ತೊಳೆದರು. ಬಕೆಟ್ಟು ಕಪಾಟಿನೊಳಗೆ ಹೋಗಲು ಕೆಳಗಿನ ಹಲಗೆ ತೆಗೆಯಬೇಕಾಯಿತು. ಸಾಹೇಬರು ಮೂಲೆಯಲ್ಲಿ ಬೂದಿಬಣ್ಣಕ್ಕೆ ತಿರುಗಿ, ಕಣ್ಣು ಮುಚ್ಚಿ ಕೂತಿದ್ದರು. ಅಳಿಯ ಅವರನ್ನು ಅಂಗೈ ಮೇಲೆ ಎತ್ತಿ ಕೊಂಬೆಗೆ ದಾಟಿಸಿದ. ಹೊಸ ಬಾಟಲಿ ತಂದು, ಗಿರಾಕಿಗಳ ತಲೆಗೆ ಹೊಡೆಯುವ ಹಾಗೆಯೇ ಸಣ್ಣಗೆ ನೀರು ಚಿಮುಕಿಸತೊಡಗಿದ. ತೂತುಬಿದ್ದ ಎಲೆಗಳ ಅಂಚಿನಲ್ಲಿ ಹನಿ ಕೂಡಿ ನಿಂತವು.

ಒಂದು ಗಂಟೆ ಹೋಯಿತು. ಎರಡಾಯಿತು. ಯಾರೂ ಊಟದ ಮಾತೆತ್ತಲಿಲ್ಲ. ಅಳಿಯ ಬಾಯಿ ತೆರೆದಾಗೆಲ್ಲ ಅಕ್ಕ ಕಣ್ಣು ಬಿಟ್ಟಳು. ಅಜ್ಜ ಕ್ಷೌರದ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲೇ ಕಪಾಟು ನೋಡುತ್ತಿದ್ದ. ನೇರ ನೋಡಲು ಅವನಿಗೆ ಮುಖವಿರಲಿಲ್ಲ.

ಬಿಸಿಲು ಎದುರುಗಡೆಯ ಗೋಡೆಗೆ ಏರಿದ ಹೊತ್ತಿಗೆ ಸಾಹೇಬರ ಒಂದು ಕಣ್ಣು ತೆರೆಯಿತು. ಅದು ಅಜ್ಜನ ಕಡೆ ತಿರುಗಿತು, ಬೇಡವೆನಿಸಿತೋ ಏನೋ, ಎಲೆಯ ಕಡೆ ಹೊರಳಿತು. ಒಂದು ಕಾಲು ಎತ್ತಿದರು. ಇಡಲೋ ಬೇಡವೋ ಎಂದು ಗಾಳಿಯಲ್ಲಿ ಆಡಿಸಿ ಕೊಂಬೆ ಹಿಡಿದರು. ಇನ್ನೊಂದು ಕಾಲು. ಮೂತಿಯನ್ನು ಹನಿಗೆ ತಾಗಿಸಿದರು. ಗಂಟಲು ಒಂದು ಸಲ ಏರಿ ಇಳಿಯಿತು. ಮತ್ತೊಂದು ಸಲ.

“ಕುಡಿದ್ರು,” ಎಂದು ಅಳಿಯ ಪಿಸುಗುಟ್ಟಿದ. ಆಮೇಲೆ ಮಾವನ ಕುತ್ತಿಗೆಗೆ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚತೊಡಗಿದ. ಅವನ ಕಣ್ಣು ಕಪಾಟಿನ ಮೇಲೇ ಇತ್ತು; ನೊರೆ ಕಿವಿಗೆ, ಮೂಗಿಗೆ ಹತ್ತುತ್ತಿತ್ತು.

“ಕತ್ತಿ ಮಾತ್ರ ಈಗ ಹಿಡೀಬೇಡ ಮಾರಾಯ,” ಎಂದ ಅಜ್ಜ. ಅಳಿಯಂದಿರು ಅನ್ನಲಿಲ್ಲ.

ಬಾಗಿಲಿಗೆ ಒರಗಿಸಿಟ್ಟ ಬೋರ್ಡು ಓದಿ ಒಬ್ಬ ಹೆಂಗಸು ಇಣುಕಿದಳು. “ಇಲ್ಲಿ ಗಿಡ ಸಿಗುತ್ತಾ?”

“ಇರೋದು ಒಂದೇ, ಅದರಲ್ಲಿ ಸಾಹೇಬರಿದ್ದಾರೆ,” ಎಂದಳು ಅಕ್ಕ. “ಬೇರೆ ಬೇಕಾದರೆ ನನ್ನ ತಮ್ಮನ ನರ್ಸರಿಗೆ ಹೋಗಮ್ಮ. ಮೂಗು ಮುಚ್ಚಿಕೊಂಡು ಹೋಗು.”

ನೊರೆಯೊಳಗಿಂದ ಅಜ್ಜ ಹೌದೆಂದು ತಲೆಯಾಡಿಸಿದ.

ಮರುವಾರ ನರ್ಸರಿಯ ಟಾರ್ಪಾಲು ಬಿಚ್ಚಿತ್ತು. ಒಗೆಯುವ ಕಲ್ಲಿನ ಪಕ್ಕ, ಬಕೆಟ್ಟಿದ್ದ ಜಾಗದಲ್ಲಿ, ಅಜ್ಜ ತೊಳೆದ ಮರಳು ಹಾಕಿ ಆ ದಾಸವಾಳದ್ದೇ ಒಂದಿಷ್ಟು ಕಡ್ಡಿ ನೆಟ್ಟ. ಹರಳು ಹಾಕಲಿಲ್ಲ. ಶನಿವಾರ ಪಂಪು ಆ ಕಡೆ ತಿರುಗಲಿಲ್ಲ. ಮೂರ್ನಾಲ್ಕು ವಾರಕ್ಕೆ ಚಿಗುರು ಬಂತು, ಚಿಗುರಿನ ಹಿಂದೆ ಹುಳ ಬಂತು. ಅಜ್ಜ ಕನ್ನಡಕ ಏರಿಸಿ, ಕುಕ್ಕರುಗಾಲಲ್ಲಿ ಕೂತು, ಚುಚ್ಚುವ ಕಂಬಳಿಹುಳ ಬಿಟ್ಟು, ಕೂದಲಿಲ್ಲದ ಹಸಿರು ಹುಳಗಳನ್ನು ಮಾತ್ರ ಬೆರಳಲ್ಲಿ ಆರಿಸಿದ. ಕೊಲ್ಲಲಿಲ್ಲ. ಒಂದೊಂದಾಗಿ ಬೆಂಕಿಪೊಟ್ಟಣಕ್ಕೆ ಹಾಕಿ, ಕ್ಷೌರದಂಗಡಿಯ ಕಡೆ ಹೊರಟ.

“ಎಲ್ಲಿಗೋ?” ಎಂದಳು ಅಕ್ಕ.

“ಸಾಹೇಬರಿಗೆ ಊಟ.”

“ಬರೋವಾಗ ನನ್ನ ಬಕೆಟ್ಟು ಹೇಗಿದೆ ನೋಡಿಕೊಂಡು ಬಾ.”