ಕೆಸರು ಹಿಡಿದ ಬೆರಳುಗಳು

ಹೋದ ವರ್ಷದ ಕೆಸರುಗದ್ದೆ ಹಗ್ಗಜಗ್ಗಾಟದಲ್ಲಿ ಮೊದಲು ಜಾರಿದ್ದು ಕುಸುಮಾಳ ಕಾಲು. ಅವಳ ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಊರಿನ ಹೆಂಗಸರ ತಂಡ ಸೋತಿತು. ಸುಂಟಿಕೊಪ್ಪದ ಕಡೆ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಅವಳಿಗೆ ಕಾರಣ ಗೊತ್ತಿತ್ತು. ಅವಳದು ಚಪ್ಪಟೆ ಪಾದ. ಭಾರ ಬಿದ್ದೊಡನೆ ಕಾಲಿನ ಹರಡು ಒಳಕ್ಕೆ ವಾಲಿಬಿಡುತ್ತಿತ್ತು, ದಿನವಿಡೀ ತರಗತಿಯಲ್ಲಿ ನಿಂತರೆ ಸಂಜೆ ನೋಯುತ್ತಿತ್ತು.

ಈ ವರ್ಷ ತಂಡ ಕಟ್ಟುವಾಗ ನಾಯಕಿ ಪೂವಮ್ಮ ನೇರವಾಗಿಯೇ ಹೇಳಿದರು. "ಮೇಡಂ, ನೀವು ಈ ಸಲ ನೀರಿನ ಬಾಟಲಿ ನೋಡ್ಕೊಳ್ಳಿ. ನಿಮ್ಮದು ಪಾದ ಅಲ್ಲ ಮಾರಾಯ್ತಿ, ದೋಸೆ ಕಾವಲಿ."

"ಆಟಕ್ಕೆ ಮುಂಚೆ ಒಂದ್ಸಲ ಹಗ್ಗ ಕೊಟ್ಟು ನೋಡಿ ಅಕ್ಕ. ಜಾರಿದ್ರೆ ಬಾಟಲಿ ಹೊರ್ತೀನಿ."

"ಎಂತ ಹಟ ನಿಮ್ದು. ಆಯ್ತು, ನೋಡುವ."

ಕುಶಾಲನಗರದ ಫಿಸಿಯೋಥೆರಪಿಸ್ಟ್ ವೀಣಾ ಕುಸುಮಾಳನ್ನು ಒಂಟಿಕಾಲಲ್ಲಿ ನಿಲ್ಲಿಸಿ, ಸುತ್ತು ಬಂದು ನೋಡಿದಳು. "ಈ ವಯಸ್ಸಲ್ಲಿ ಪಾದದ ಆಕಾರ ಬದಲಾಗುತ್ತೆ ಅಂತ ನಾನು ಹೇಳಲ್ಲ. ಬಲ ಬರುತ್ತೆ." ನೆಲಕ್ಕೆ ಹಾಸಿದ ಟವೆಲನ್ನು ಬೆರಳುಗಳಿಂದಲೇ ಎಳೆದುಕೊಳ್ಳುವುದು, ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು, ಬೆರಳು ಮಡಿಸದೆ ಅಂಗಾಲನ್ನಷ್ಟೇ ಒಳಕ್ಕೆ ಸೆಳೆದು ಹಿಡಿಯುವುದು, ಗೋಲಿಗಳನ್ನು ಕಾಲಲ್ಲಿ ಹೆಕ್ಕುವುದು, ಇಷ್ಟನ್ನು ಮಾಡಿ ತೋರಿಸಿದಳು. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ತುಂಬ ಹೊತ್ತು ನಿಲ್ಲಬಾರದು, ಮನೆಯೊಳಗೂ ನಡುಪಾದಕ್ಕೆ ಆಸರೆ ಕೊಡುವ ಚಪ್ಪಲಿ ಬೇಕು ಎಂದಳು.

ಮನೆಯಲ್ಲಿ ಗೋಲಿ ಇರಲಿಲ್ಲ. ಅಟ್ಟದ ಚೀಲದಲ್ಲಿ ಸಿಪ್ಪೆಸಮೇತ ಒಣಗಿಸಿಟ್ಟ ಕಾಫಿ ಹಣ್ಣು, ಚೆರಿ, ಇತ್ತು, ಗುಂಡಗೆ, ಗಟ್ಟಿಯಾಗಿ. ಒಂದು ಹಿಡಿ ಚೆಲ್ಲಿಕೊಂಡು ಕೂತಳು.

ಅತ್ತೆ ಶಿವಮ್ಮ ಬಾಗಿಲಲ್ಲೇ ನಿಂತರು. "ಏನವ್ವ ಇದು, ಕಾಪಿಗೆ ಕಾಲು ಕೊಡ್ತಾ ಕೂತಿದ್ದೀಯ?"

"ಕಣದಲ್ಲಿ ಒಣಗಿಸುವಾಗ ನೀವು ಕಾಲಲ್ಲೇ ತಾನೇ ಅತ್ತೆ ಅದನ್ನ ಕೆದಕೋದು?"

ಶಿವಮ್ಮ ಸೀರೆ ಎತ್ತಿಕಟ್ಟಿ ಎದುರಿಗೆ ಕೂತರು. ಅವರು ಕಾಲ್ಬೆರಳಲ್ಲಿ ಹಿಡಿದ ಚೆರಿ ಪುಟಿದು ಮಂಚದಡಿ ಸೇರಿತು. "ತಡಿ, ಇನ್ನೊಂದ್ಸಲ," ಎಂದರು. ಆ ಸಂಜೆ ಅಡುಗೆ ತಡವಾಯಿತು. ಮರುದಿನ ಚಪ್ಪಲಿಗೂ ಒಪ್ಪಿಗೆ ಸಿಕ್ಕಿತು, "ದೇವರ ಗೂಡಿನ ಹತ್ರ ಮಾತ್ರ ಬ್ಯಾಡ" ಎಂಬ ಷರತ್ತಿನೊಂದಿಗೆ.

ಕುಸುಮಾ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಂತಳು. ಅನ್ನ ಬೇಯುವಾಗ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿದಳು. ಆದರೆ ಸ್ನಾನ ಮುಗಿಸಿ ಬಂದಾಗ ಕೆಂಪು ನೆಲದ ಮೇಲೆ ಮೂಡುವ ಒದ್ದೆ ಹೆಜ್ಜೆ ವಾರಗಳು ಕಳೆದರೂ ಹಾಗೇ ಇತ್ತು, ಎಲ್ಲೂ ಒಳಬಾಗದ ಪೂರ್ತಿ ಪಾದ. ಬೇಸರದಿಂದ ವೀಣಾಗೆ ಫೋನ್ ಮಾಡಿದಳು.

"ಗುರುತು ಬಿಡಿ ಮೇಡಂ. ಸಂಜೆ ಹೊತ್ತು ನೋವು ಹೇಗಿದೆ?"

ಕುಸುಮಾ ಯೋಚಿಸಿದಳು. ದಿನಾ ಸಂಜೆ ನೋವಿಗೆಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುವುದನ್ನು ಎಂದು ಬಿಟ್ಟಳೋ ಅವಳಿಗೇ ನೆನಪಿರಲಿಲ್ಲ. ಇಷ್ಟು ದಿನ ಅಳೆಯಬೇಕಾದ್ದನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿದ್ದೆ ಎಂದು ಹೊಳೆದಾಗ ಅವಳಿಗೆ ಕುಣಿಯಬೇಕೆನಿಸಿತು. ಮಕ್ಕಳು ಇದೇ ತಪ್ಪು ಮಾಡಿದರೆ ಅಂಕ ಕಳೆಯುತ್ತಿದ್ದವಳು ಅವಳು.

ಅಭ್ಯಾಸದ ದಿನ ಪೂವಮ್ಮ ಹಗ್ಗದ ಇನ್ನೊಂದು ತುದಿಯನ್ನು ಗಂಡಸರ ಕೈಗೆ ಕೊಟ್ಟರು. ಹೆಂಗಸರು ಸೋತರು. ಆದರೆ ಕುಸುಮಾಳ ಕಾಲು ಕೊನೆಯವರೆಗೂ ಜಾರಲಿಲ್ಲ. ಪೂವಮ್ಮ ಬಗ್ಗಿ ಅವಳ ಪಾದಗಳನ್ನು ನೋಡಿದರು. "ಬಾಟಲಿಗೆ ಬೇರೆ ಯಾರನ್ನಾದ್ರೂ ಹುಡುಕುವ," ಎಂದರು.

ಆಟದ ದಿನ ಎದುರಿಗೆ ಬಂದದ್ದು ಪಾಲಿಬೆಟ್ಟದ ಎಸ್ಟೇಟಿನ ತಂಡ. ಕಾಫಿ ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಮೂಟೆ ಹೊತ್ತು ಗಟ್ಟಿಯಾದ ಹೆಗಲುಗಳು. ಸೀಟಿ ಊದಿದ್ದೇ ಹಗ್ಗ ಅತ್ತ ಸರಿಯಿತು.

"ಮೇಡಂ, ಕಾವಲಿ ಊರಿ," ಎಂದು ಹಿಂದಿನಿಂದ ಪೂವಮ್ಮ ಕೂಗಿದರು.

ಕುಸುಮಾ ಅಂಗಾಲನ್ನು ಒಳಕ್ಕೆ ಸೆಳೆದಳು. ಹತ್ತು ಬೆರಳೂ ಕೆಸರಿನಡಿಯ ಗಟ್ಟಿ ಮಣ್ಣನ್ನು ಹುಡುಕಿ ಹಿಡಿದವು. ಹರಡು ವಾಲಲಿಲ್ಲ. ಹಗ್ಗ ನಿಂತಿತು. ದಂಡೆಯ ಮೇಲೆ ಮಲಯಾಳ, ಕೊಡವ, ಕನ್ನಡ ಎಲ್ಲ ಕಲಸಿದ ಕೂಗೆದ್ದಿತು. ಐಸಾ ಎಂದಾಗ ಒಂದು ಗೇಣು, ಮತ್ತೆ ಐಸಾ ಎಂದಾಗ ಇನ್ನೊಂದು ಗೇಣು ಹಗ್ಗ ಇತ್ತ ಬಂತು. ಆಮೇಲೆ ಅಂಗಾತ ಬಿದ್ದವಳಿಗೆ ಆಕಾಶ ಕಂಡಿತು, ಕಿವಿಯೊಳಗೆಲ್ಲ ಕೆಸರು ತುಂಬಿತು. ಏನೂ ಕೇಳಿಸಲಿಲ್ಲ. ಮಲಗಿದಲ್ಲೇ ಹಿಮ್ಮಡಿ ಊರಿ ಎಳೆಯುತ್ತಲೇ ಇದ್ದಳು.

ಯಾರೋ ಹಗ್ಗ ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಬಗ್ಗಿ ನಿಂತಿದ್ದ ಪೂವಮ್ಮನ ಮುಖದಲ್ಲಿ ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಕೆಸರು.

"ಬಿಡಿ ಮಾರಾಯ್ತಿ, ಗೆದ್ದಾಯ್ತು. ಆಗಿಂದ ಹಗ್ಗ ಹಿಡ್ಕೊಂಡಿರೋದು ನೀವೊಬ್ರೇ."